ಶೆಡ್ಡನ್ನು ನುಂಗಿದ ನಕ್ಷೆ

ಮರೆತುಬಿಡು ಎಂದು ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಏನನ್ನೂ ಕಳೆದುಕೊಂಡಿರಲಿಲ್ಲ. ಅಮ್ಮ ಕಳೆದುಕೊಂಡಿದ್ದರು, ಆದರೂ ಅದನ್ನೇ ಹೇಳುತ್ತಿದ್ದರು. ಅದಕ್ಕೆ ಅವರ ಮೇಲೂ ನನಗೆ ಕೋಪವಿತ್ತು. ನನ್ನದು ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಹಾಕಿಟ್ಟುಕೊಳ್ಳುವ ಸ್ವಭಾವ. ಈ ಬರಹದಲ್ಲಿ ಬರುವ ಸರ್ವೇಯರನನ್ನು ಕಚೇರಿಯಲ್ಲಿ ವರ್ಷಗಟ್ಟಲೆ ‘ಸಾರ್, ಸಾರ್’ ಎಂದು ಕರೆದು ನನ್ನ ನಾಲಗೆ ಸವೆದಿದೆ. ಇಲ್ಲಾದರೂ ಅವನಿಗೆ ಏಕವಚನ ಇರಲಿ.

ಭದ್ರಾವತಿಯಲ್ಲಿ ನಮ್ಮದು ಉದ್ದನೆಯ ನಿವೇಶನ. ಮುಂದೆ ರಸ್ತೆ, ರಸ್ತೆಗೆ ಮುಖ ಮಾಡಿ ಚಿಕ್ಕ ಹೆಂಚಿನ ಮನೆ, ಪಕ್ಕದಲ್ಲಿ ಅಂಗಳ, ಹಿಂದುಗಡೆ ಅಪ್ಪನ ತಗಡಿನ ಶೆಡ್ಡು. ಅಪ್ಪ ಲಾರಿ ಮೆಕ್ಯಾನಿಕ್. ಊರಿನಲ್ಲಿ ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕಾರ್ಖಾನೆಗೆ ಅದಿರು, ಸೌದೆ ಹೊತ್ತು ಬರುವ ಲಾರಿಗಳ ಡ್ರೈವರುಗಳು ತಮಿಳಿನಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಬೈದುಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲುತ್ತಿದ್ದರು. ಅಪ್ಪ ಯಾವ ಭಾಷೆಯಲ್ಲೂ ತಿರುಗಿ ಬೈಯದೆ ಗಾಡಿಯ ಕೆಳಗೆ ಮಲಗುತ್ತಿದ್ದರು. ನಮ್ಮ ಉತ್ತರದ ಪಕ್ಕದಲ್ಲಿ ಒಬ್ಬ ಸಾಹುಕಾರನ ಮರದ ಡಿಪೋ. ದಕ್ಷಿಣದ ಪಕ್ಕದಲ್ಲಿ ಊರಿನ ಕೊಳಚೆಯೆಲ್ಲ ಹರಿಯುವ ಹಳ್ಳ.

ಆ ಜಾಗದ ಗುರುತೆಂದು ನಮ್ಮ ಬಳಿ ಇದ್ದದ್ದು ಕ್ರಯಪತ್ರದ ಚಕ್ಕುಬಂದಿ ಮಾತ್ರ: ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಡಿಪೋ, ದಕ್ಷಿಣಕ್ಕೆ ಹಳ್ಳ, ಪಶ್ಚಿಮಕ್ಕೆ ಗುಡ್ಡೆ. ಮಾತಿನಲ್ಲಿ ಬರೆದ ನಕ್ಷೆ ಅದು. ನೆರೆಯವರು ಮನುಷ್ಯರಾಗಿರುವವರೆಗೆ ಅಷ್ಟು ಸಾಕಾಗುತ್ತದೆ. ಡಿಪೋಗೂ ನಮಗೂ ನಡುವೆ ರಸ್ತೆಯ ತುದಿಯಲ್ಲಿ ಒಂದು ಗಡಿಕಲ್ಲು, ಹಿಂದಿನ ತುದಿಯಲ್ಲಿ ಇನ್ನೊಂದು ಗಡಿಕಲ್ಲು ಇದ್ದವು. ಅಪ್ಪ ಅವುಗಳ ನಡುವೆ ಕಣ್ಣಳತೆಯಲ್ಲೇ ಬೇಲಿ ಹಾಕಿದ್ದರು. ಯಾರೂ ತಕರಾರು ಮಾಡಿರಲಿಲ್ಲ.

ನಯೇಪೈಸೆ ಬಂದ ಹೊಸದರಲ್ಲಿ ಊರನ್ನೆಲ್ಲ ಅಳೆದು ಹೊಸ ನಕ್ಷೆ ಮಾಡುತ್ತಾರೆಂದು ಸುದ್ದಿ ಬಂತು. ಒಂದು ದಿನ ಸರ್ವೇಯರ್ ನಮ್ಮ ಬೀದಿಗೂ ಬಂದ. ಮೂರು ಕಾಲಿನ ಮೇಲೆ ಕೂರಿಸಿದ ಚೌಕದ ಹಲಗೆ, ಅದರ ಮೇಲೆ ಬಿಳಿ ಹಾಳೆ, ಹಾಳೆಯ ಮೂಲೆಯಲ್ಲಿ ದಿಕ್ಸೂಚಿಯ ಪೆಟ್ಟಿಗೆ. ಬಿಸಿಲು ಜೋರಾಗಿತ್ತು. ಅಪ್ಪ ತಾವಾಗಿಯೇ ಹೋಗಿ, ರಸ್ತೆಯ ಪಕ್ಕದಲ್ಲೇ ಮನೆಯ ಮುಂದೆ ಇಳಿಸಿದ್ದ ಹೆಂಚಿನ ಮಾಡಿನ ನೆರಳಿಗೆ ಅವನನ್ನು ಕರೆದುಕೊಂಡು ಬಂದರು. ಅಮ್ಮ ಕಾಫಿ ಮಾಡಿದರು. ಅವನು ಅಲ್ಲೇ ಹಲಗೆ ನಿಲ್ಲಿಸಿ, ಸೂಜಿ ನೋಡಿ ಹಾಳೆಯ ಮೇಲೆ ಉತ್ತರಕ್ಕೆ ಗೆರೆ ಎಳೆದು, ಒಂದೊಂದೇ ಕಲ್ಲಿನ ಕಡೆಗೆ ಗುರಿ ಹಿಡಿದು ಗೆರೆಗಳನ್ನು ಎಳೆದ. ಅವನ ಆಳುಗಳು ಸರಪಳಿ ಹಿಡಿದು ದೂರ ಅಳೆದು ಕೂಗಿ ಹೇಳುತ್ತಿದ್ದರು. ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಹಾಳೆಯ ಮೇಲೆ ನಮ್ಮ ಬೀದಿ ಮೂಡುವುದನ್ನು ಕಿಟಕಿಯಿಂದ ಬಾಯಿ ಬಿಟ್ಟುಕೊಂಡು ನೋಡಿದೆ. ಚಂದದ ಕೈ ಅವನದು, ಅದನ್ನು ಒಪ್ಪುತ್ತೇನೆ. ತಗಡಿನ ಶೆಡ್ಡು ಕಾಯಂ ಕಟ್ಟಡವಲ್ಲವೆಂದು ಅದನ್ನು ಮಾತ್ರ ಬರೆಯಲಿಲ್ಲ.

ಗೂಟ ಹೊಡೆಯಲು ಬಂದವರು ಬೇರೆಯವರು, ಅದೂ ಎಷ್ಟೋ ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಹಿಂದಿನ ತುದಿಯ ಗಡಿಕಲ್ಲು ಡಿಪೋದ ದಿಮ್ಮಿಗಳ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು. ಅವರು ನಕ್ಷೆ ಬಿಚ್ಚಿ, ದುರ್ಬೀನಿನ ಯಂತ್ರ ಇಟ್ಟು, ಊರಿನ ದೊಡ್ಡ ಸರ್ವೆ ಕಲ್ಲುಗಳಿಂದ ದಿಕ್ಕು ಹಿಡಿದು ಗೂಟ ಹೊಡೆದರು. ರಸ್ತೆಯ ಹತ್ತಿರ ಗೂಟ ನಮ್ಮ ಬೇಲಿಯ ಮೇಲೆಯೇ ಬಿತ್ತು. ಹಿಂದೆ ಹೋದಂತೆ ಗೆರೆ ಒಳಗೆ ಒಳಗೆ ಬಂತು. ಕೊನೆಯ ಗೂಟ ಶೆಡ್ಡಿನ ಆಚೆ ಗೋಡೆಯಲ್ಲಿ ಇರಬೇಕಾದದ್ದು, ಈಚೆ ಗೋಡೆಯ ಬುಡದಲ್ಲಿ ಬಂದು ನಿಂತಿತು. ಶೆಡ್ಡು ಇಡಿಯಾಗಿ ಸಾಹುಕಾರನ ಪಾಲಾಯಿತು.

ಅಪ್ಪ ಸರ್ವೇಯರನನ್ನು ಹುಡುಕಿಕೊಂಡು ಅವನ ಕಚೇರಿಗೆ ಹೋದರು. ನಾನೂ ಜೊತೆಗಿದ್ದೆ. ಅವನು ಹಾಳೆ ಬಿಚ್ಚಿ, ಕುಳಿತಲ್ಲಿಂದಲೇ ಹೇಳಿದ.

“ಏನ್ ಮೇಸ್ತ್ರಿ, ನಿನ್ನ ಜಾಗ ಎಲ್ಲಿ ಕಮ್ಮಿಯಾಗಿದೆ? ಗುಂಟೆ ಲೆಕ್ಕ ಹಾಕು, ಅಷ್ಟೂ ಇದೆ. ಈ ಕಡೆ ಹೋಗಿದ್ದು ಆ ಕಡೆ ಬಂದಿಲ್ವಾ?”

ಆ ಕಡೆ ಬಂದದ್ದು ಹಳ್ಳ. ಶೆಡ್ಡು ಹೋದಷ್ಟೇ ಅಗಲದ ಕೊಳಚೆಯನ್ನು ನಕ್ಷೆ ನಮ್ಮ ಹೆಸರಿಗೆ ಬರೆದುಕೊಟ್ಟಿತ್ತು.

“ಸ್ವಾಮಿ, ಶೆಡ್ಡು ಮೊದ್ಲಿಂದ ಅಲ್ಲೇ ಇದೆ. ಬೀದಿಯವರ್ನೆಲ್ಲ ಕೇಳಿ” ಎಂದರು ಅಪ್ಪ.

“ಬೀದಿಯವರ ಬಾಯಿ ಮಾತು ಕಟ್ಕೊಂಡು ನಾನೇನ್ ಮಾಡ್ಲಿ ಮಾರಾಯ? ಗೆರೆ ಇಲ್ಲಿದೆ. ಹೋಗು, ಹೋಗು, ಕೆಲಸ ಇದೆ.”

ನಮ್ಮ ಮನೆಯ ಕಾಫಿ ಕುಡಿದ ಬಾಯಿ ಅದು. ಅಪ್ಪ ಕೈ ಮುಗಿದು ಹೊರಗೆ ಬಂದರು. ಆ ಕೈ ಮುಗಿದದ್ದನ್ನು ನಾನು ಸಹಿಸಲಿಲ್ಲ. ಇವನು ಒಂದು ದಿನ ನಮ್ಮ ಅಂಗಳದಲ್ಲಿ, ಬೀದಿಯವರ ಎದುರಿಗೆ, ಅಪ್ಪನಿಗೆ ಕೈ ಮುಗಿದು ತಪ್ಪಾಯ್ತು ಅನ್ನಬೇಕು ಎಂದು ಆ ಮೆಟ್ಟಿಲ ಮೇಲೆಯೇ ಹಲ್ಲು ಕಚ್ಚಿ ಅಂದುಕೊಂಡೆ.

ಶೆಡ್ಡಿಲ್ಲದೆ ಮೆಕ್ಯಾನಿಕ್ ಇಲ್ಲ. ಮಳೆಗಾಲದಲ್ಲಿ ಬಿಚ್ಚಿದ ಎಂಜಿನ್ನನ್ನು ಬಯಲಲ್ಲಿ ಇಡಲಾಗುವುದಿಲ್ಲ. ಸಾಹುಕಾರ ತಗಡು ಕೀಳಿಸಿ ಅಲ್ಲಿ ದಿಮ್ಮಿ ಪೇರಿಸಿದ. ಅಪ್ಪ ಹಳೆಯ ಕಬ್ಬಿಣವನ್ನೆಲ್ಲ ಗುಜರಿಯವನಿಗೆ ಹಾಕಿ, ಮನೆಗೆ ಬೀಗ ಹಾಕಿ, ನಮ್ಮನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಬಂದರು. ಅಲ್ಲಿ ಕೋಟೆ ಪ್ರದೇಶದ ಒಂದು ವಠಾರದಲ್ಲಿ ಬಾಡಿಗೆಗೆ ಸೇರಿದೆವು. ಅಪ್ಪ ಬೇರೆಯವರ ಗ್ಯಾರೇಜಿನಲ್ಲಿ ಆಳಾದರು. ಅಲ್ಲಿಯ ಮಾಲೀಕ ಅವರಿಗಿಂತ ಎಷ್ಟೋ ಚಿಕ್ಕವನು, ‘ಏಯ್ ಮೇಸ್ತ್ರಿ’ ಎಂದು ಕೂಗುತ್ತಿದ್ದ.

ನಾನು ನಕ್ಷೆ ಕೆಲಸ ಕಲಿಯುತ್ತೇನೆ ಎಂದಾಗ ಅಮ್ಮ ಹೌಹಾರಿದರು. ಟೀಚರ್ ಆಗು, ನರ್ಸ್ ಆಗು, ಇದೇನು ಗಂಡಸರ ಕೆಲಸ ಎಂದರು. ನಾನು ಸೊಪ್ಪು ಹಾಕಲಿಲ್ಲ. ತರಬೇತಿ ಮುಗಿಸಿ ಶಿವಮೊಗ್ಗದ ಒಂದು ನಕ್ಷೆ ಕಚೇರಿಯಲ್ಲಿ ಟ್ರೇಸರ್ ಆದೆ. ನಕ್ಷೆಯ ಮೇಲೆ ಮೇಣದ ಹೊಳಪಿನ ಪಾರದರ್ಶಕ ಬಟ್ಟೆ ಹಾಸಿ, ಶಾಯಿ ಹಿಡಿಯಲೆಂದು ಸೀಮೆಸುಣ್ಣದ ಪುಡಿ ಉಜ್ಜಿ, ಗೆರೆಗೆ ಗೆರೆ ತೆಗೆಯುವುದು ನನ್ನ ಕೆಲಸ. ಕಚೇರಿಯ ಹೆಡ್ಡು ಯಾರೆಂದು ಹೇಳಬೇಕಾಗಿಲ್ಲ. ಬಡ್ತಿ ಸಿಕ್ಕಿ ಬಂದು ಕುಳಿತಿದ್ದ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಕಾಲ ಬರಲಿ ಎಂದು ನಾನು ತಲೆ ತಗ್ಗಿಸಿ ಕುಳಿತೆ.

ನನ್ನ ಹೊಟ್ಟೆ ಉರಿಯುವ ಸಂಗತಿಯೆಂದರೆ ನನಗೆ ವಿದ್ಯೆ ಕಲಿಸಿದವನೂ ಅವನೇ. ಹಳ್ಳಿಯ ಹಳೇ ಟಿಪ್ಪಣಿಗಳನ್ನು ಮುಂದೆ ಹರಡಿ ಹೇಳಿಕೊಡುತ್ತಿದ್ದ. ಅದರಲ್ಲಿ ಚಿತ್ರ ಕಡಿಮೆ, ಅಂಕಿ ಹೆಚ್ಚು: ಒಂದು ನೇರ ಗೆರೆಯ ಮೇಲೆ ಇಷ್ಟು ಸರಪಳಿ ನಡೆ, ಅಲ್ಲಿಂದ ಎಡಕ್ಕೋ ಬಲಕ್ಕೋ ಇಷ್ಟು ತಿರುಗು, ಅಲ್ಲಿ ಕಲ್ಲು. ಎರಡು ಅಂಕಿ ಇದ್ದರೆ ಭೂಮಿಯ ಮೇಲೆ ಒಂದು ಜಾಗ ಸಿಕ್ಕಿತು. ಆದರೆ ಆ ಅಂಕಿಗಳಿಗೆ ಬೆಲೆ ಬರಬೇಕಾದರೆ ಮೂರು ಮಾತು ಗೊತ್ತಿರಬೇಕು ಎನ್ನುತ್ತಿದ್ದ. ಎಲ್ಲಿಂದ ಹೊರಟೆ, ಯಾವ ದಿಕ್ಕಿಗೆ ಮುಖ ಮಾಡಿ ನಿಂತೆ, ಯಾವ ಸರಪಳಿಯಿಂದ ಅಳೆದೆ. ಹಳ್ಳಿಯ ಸರಪಳಿ ಮೂವತ್ಮೂರು ಅಡಿಯದು, ಅದನ್ನು ಹದಿನಾರು ಆಣೆಯಾಗಿ ಒಡೆದಿರುತ್ತಾರೆ. ಎಂಜಿನಿಯರರ ಸರಪಳಿ ನೂರು ಅಡಿಯದು. ಒಂದರ ಅಂಕಿಯನ್ನು ಇನ್ನೊಂದರದೆಂದು ಓದಿದರೆ ಮನೆ ಕೆರೆಯಲ್ಲಿ ಇರುತ್ತದೆ.

“ಹಾಳೆ ಒಂದು ಊರಲ್ಲಮ್ಮ, ಬರೀ ಹಾಳೆ. ಅದನ್ನ ಊರಿನ ಮೇಲೆ ಸರಿಯಾಗಿ ಕೂರಿಸಿದ್ರೆ ಮಾತ್ರ ನಕ್ಷೆ” ಎಂದು ಒಮ್ಮೆ ಹೇಳಿದ. “ಸೂಜಿ ನೋಡಿ ದಿಕ್ಕು ಹಾಕೋವಾಗ ಸುತ್ತ ಕಬ್ಬಿಣ ಇದ್ಯಾ ನೋಡ್ಬೇಕು. ಮುಷ್ಟಿಯಷ್ಟು ಕಬ್ಬಿಣ ಸಾಕು ಅದನ್ನ ಕೆಡಿಸೋಕೆ.”

ಎಷ್ಟು ಚೆನ್ನಾಗಿ ಹೇಳುತ್ತಿದ್ದ ಪಾಪಿ! ನಾನು ಆ ಮಾತನ್ನು ಆಗ ಬರಿಯ ಪಾಠವೆಂದು ಕೇಳಿಸಿಕೊಂಡೆ.

ಭದ್ರಾವತಿಯ ಹಾಳೆಗಳನ್ನೆಲ್ಲ ಜೋಡಿಸಿ ಇಡೀ ಊರಿಗೆ ಒಂದೇ ದೊಡ್ಡ ನಕ್ಷೆ ಮಾಡುವ ಕೆಲಸ ಬಂದಾಗ ಅದು ನನ್ನ ಮೇಜಿಗೆ ಬಿತ್ತು. ನಮ್ಮ ಬೀದಿಯ ಹಾಳೆ ಯಾವುದೆಂದು ಹುಡುಕಿ ಮೊದಲು ಅದನ್ನೇ ಬಿಚ್ಚಿದೆ. ನಮ್ಮ ರಸ್ತೆ ಹಾಳೆಯ ಅಂಚಿನ ಹತ್ತಿರ ಮೆಲ್ಲಗೆ ಬಾಗಿ ಪಕ್ಕದ ಹಾಳೆಯ ರಸ್ತೆಯನ್ನು ಸೇರುತ್ತಿತ್ತು. ನೋಡಿದರೆ ಕಣ್ಣಿಗೆ ಹಿತವಾದ ಬಾಗು. ಆದರೆ ನಾನು ಹುಟ್ಟಿದಾಗಿನಿಂದ ನಡೆದ ರಸ್ತೆ ಅದು. ಅದಕ್ಕೆ ಬಾಗೇ ಇಲ್ಲ. ನಮ್ಮ ಬಾಗಿಲಲ್ಲಿ ನಿಂತರೆ ಕಾರ್ಖಾನೆಯ ಚಿಮಣಿಯವರೆಗೆ ಕೋಲು ಹಿಡಿದಂತೆ ಹೋಗುತ್ತದೆ. ಎರಡು ಹಾಳೆಗಳ ರಸ್ತೆ ಒಂದಕ್ಕೊಂದು ಕೂಡದಿದ್ದಾಗ, ಯಾಕೆ ಕೂಡಲಿಲ್ಲ ಎಂದು ಕೇಳಿಕೊಳ್ಳದೆ, ಇವನು ರಸ್ತೆಯನ್ನೇ ಬಗ್ಗಿಸಿ ಕೂಡಿಸಿಬಿಟ್ಟಿದ್ದ.

ಹಾಳೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ ಗೆರೆ ತೆಗೆದೆ. ಅವನು ಅಂದು ಹಲಗೆ ನಿಲ್ಲಿಸಿದ ಜಾಗ, ಅಂದರೆ ನಮ್ಮ ಹೆಂಚಿನ ಮಾಡಿನ ಕೆಳಗಿನ ಚುಕ್ಕಿ, ಅಲ್ಲಿ ಒಂದು ಗುಂಡುಸೂಜಿ ಚುಚ್ಚಿ ಬಟ್ಟೆಯನ್ನು ಸ್ವಲ್ಪ ತಿರುಗಿಸಿದೆ. ರಸ್ತೆ ನೆಟ್ಟಗಾಯಿತು. ಪಕ್ಕದ ಹಾಳೆಯ ರಸ್ತೆಗೆ ಹೋಗಿ ತಾನಾಗಿ ಕೂಡಿಕೊಂಡಿತು. ಹಳ್ಳ ಹಳ್ಳಕ್ಕೆ ಕೂಡಿತು. ನಮಗೂ ಡಿಪೋಗೂ ನಡುವಿನ ಗೆರೆ ಹಿಂದಿನ ತುದಿಯಲ್ಲಿ ಉತ್ತರಕ್ಕೆ ಸರಿದು, ಶೆಡ್ಡು ಇದ್ದ ಜಾಗ ಅಷ್ಟೂ ನಮ್ಮ ಕಡೆಗೆ ಬಂತು. ಅಳತೆಯೆಲ್ಲ ಸರಿಯಾಗಿತ್ತು, ಆಕಾರ ಸರಿಯಾಗಿತ್ತು. ಇಡೀ ಹಾಳೆ ನಿಂತ ದಿಕ್ಕೇ ಓರೆಯಾಗಿತ್ತು. ಬರೆದವನು ಹಿಡಿದ ಉತ್ತರ ಒಂದು, ಗೂಟ ಹೊಡೆದವರು ಹಿಡಿದ ಉತ್ತರ ಇನ್ನೊಂದು. ಆ ಎರಡರ ನಡುವಿನ ಸಂದಿಯಲ್ಲಿ ನಮ್ಮ ಅನ್ನ ಬಿದ್ದು ಹೋಗಿತ್ತು.

ಸಾಹುಕಾರನ ಲಂಚ ತಿಂದಿದ್ದಾನೆ ಎಂದು ಮೊದಲು ಖುಷಿಪಟ್ಟೆ. ಖುಷಿ ಬಹಳ ಹೊತ್ತು ನಿಲ್ಲಲಿಲ್ಲ. ಕಿಟಕಿಯಿಂದ ನೋಡಿದ್ದು ಕಣ್ಣಿಗೆ ಕಟ್ಟಿದಂತೆ ಬಂತು. ಆ ದಿನ ಬಿಸಿಲಿನ ಜೊತೆಗೆ ಗಾಳಿಯೂ ಇತ್ತು. ಹಲಗೆಯ ಕಾಲುಗಳು ಅಲುಗಾಡುತ್ತಿದ್ದವು. ಅಪ್ಪ ಓಡಿಹೋಗಿ ಲಾರಿಯ ಸ್ಪ್ರಿಂಗ್ ಪ್ಲೇಟುಗಳನ್ನು ಹೊತ್ತು ತಂದು ಮೂರೂ ಕಾಲಿಗೆ ಒತ್ತು ಕೊಟ್ಟಿದ್ದರು. ಸಾಲದೆಂದು, ಕಾಫಿ ಲೋಟ ಇಡಲು ಒಂದು ಹಳೇ ಗೇರ್‌ಬಾಕ್ಸನ್ನು ಎಳೆದು ಹಲಗೆಗೆ ತಾಗಿಸಿ ಇಟ್ಟಿದ್ದರು. ಮನೆಗೆ ಬಂದವರಿಗೆ ಏನಾದರೂ ಮಾಡದಿದ್ದರೆ ಅಪ್ಪನ ಕೈ ಸುಮ್ಮನಿರುತ್ತಿರಲಿಲ್ಲ, ಮತ್ತು ಮೆಕ್ಯಾನಿಕ್ಕನ ಮನೆಯಲ್ಲಿ ಕೈಗೆ ಸಿಗುವುದೆಲ್ಲ ಕಬ್ಬಿಣ. ಸೂಜಿಯನ್ನು ತಿರುಗಿಸಿದ್ದು ಅಪ್ಪನ ಉಪಚಾರ.

ಅಪ್ಪ ಮಾಡಿದ್ದು ತಪ್ಪೇ? ಅಲ್ಲ. ಅವರಿಗೆ ಸೂಜಿಯ ಗುಟ್ಟು ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಮುಷ್ಟಿ ಕಬ್ಬಿಣ ಸಾಕು ಎಂದು ಊರಿಗೆಲ್ಲ ಪಾಠ ಹೇಳುವವನು, ನೆರಳೂ ಕಾಫಿಯೂ ಸಿಕ್ಕಿತೆಂದು ಹೊರೆಗಟ್ಟಲೆ ಕಬ್ಬಿಣದ ನಡುವೆ ನಿಂತು ಗೆರೆ ಎಳೆದ. ಆ ಮೇಲೆ ಅದೇ ಗೆರೆಯನ್ನು ಅಪ್ಪನ ಮುಖಕ್ಕೆ ಹಿಡಿದ. ಕಬ್ಬಿಣದ ಮಾತನ್ನು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದೆ. ಹೇಳಿದರೆ ಅದು ಆಕಸ್ಮಿಕವಾಗುತ್ತದೆ. ಹೇಳದಿದ್ದರೆ ಅದು ಲಂಚವಾಗುತ್ತದೆ. ನನಗೆ ಲಂಚ ಬೇಕಿತ್ತು.

ಬೆಂಗಳೂರಿನಿಂದ ಮೇಲಧಿಕಾರಿ ತಪಾಸಣೆಗೆ ಬಂದ ದಿನ, ಸರ್ವೇಯರ್ ಪಕ್ಕದಲ್ಲೇ ನಿಂತಿರುವಾಗ, ಹಾಳೆಯ ಮೇಲೆ ಬಟ್ಟೆ ಇಟ್ಟು, ಗುಂಡುಸೂಜಿ ಚುಚ್ಚಿ ತಿರುಗಿಸಿ ತೋರಿಸಿದೆ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಇದು ಯಾಕೆ ಹೀಗಾಯ್ತು?”

“ಗೊತ್ತಿಲ್ಲ ಸಾರ್. ಬರೆದವರನ್ನೇ ಕೇಳ್ಬೇಕು” ಎಂದೆ.

ಆ ಗೆರೆಯಿಂದ ಯಾರಿಗೆ ಲಾಭವಾಯಿತು ಎಂದು ಅಧಿಕಾರಿ ಕೇಳಿದರು. ಪಕ್ಕದ ಮರದ ಡಿಪೋದವರಿಗೆ ಎಂದು ಹೇಳಿ ಸುಮ್ಮನಾದೆ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ. ಸರ್ವೇಯರನ ನಿವೃತ್ತಿ ಹತ್ತಿರದಲ್ಲಿತ್ತು. ಕೆಲಸ ಹೋದರೆ ಪೆನ್ಷನ್ನೂ ಹೋಗುತ್ತದೆ. ಹೋಗಲಿ, ಹಳ್ಳದ ದಂಡೆಯಲ್ಲಿ ಬಂದು ಕೂರಲಿ ಎಂದುಕೊಂಡೆ. ಇವತ್ತೂ ಆ ಆಸೆ ತಪ್ಪೆಂದು ನನಗೆ ಅನ್ನಿಸಿಲ್ಲ.

ಮರುಅಳತೆಗೆ ದಿನ ಗೊತ್ತಾಯಿತು. ಜಾಗದ ಮಾಲೀಕರೆಂದು ಅಪ್ಪನಿಗೂ ಕರೆ ಬಂತು. ಬೆಳಗಿನ ರೈಲಿನಲ್ಲಿ ನಾವಿಬ್ಬರೂ ಭದ್ರಾವತಿಗೆ ಹೋದೆವು. ಸೂಜಿ ಓರೆಯಾಗಿತ್ತಂತೆ, ಅವನು ದುಡ್ಡು ತಿಂದಿದ್ದಾನೆ, ಇವತ್ತು ಸಿಕ್ಕಿಬೀಳುತ್ತಾನೆ ಎಂದಷ್ಟೇ ದಾರಿಯಲ್ಲಿ ಹೇಳಿದೆ. ಅಪ್ಪ ಹೂಂ ಎಂದರು.

ಬೀದಿಗೆ ಬೀದಿಯೇ ನೆರೆದಿತ್ತು. ಸಾಹುಕಾರ ಕೊಡೆ ಹಿಡಿದು ನಿಂತಿದ್ದ. ಸರ್ವೇಯರ್ ಅದೇ ಮಾಡಿನ ಕೆಳಗೆ ಅದೇ ಚುಕ್ಕಿಯ ಮೇಲೆ ಹಲಗೆ ನಿಲ್ಲಿಸಿದ. ನಮ್ಮ ಅಂಗಳದಲ್ಲಿ ಈಗ ಒಂದು ಬೋಲ್ಟೂ ಇರಲಿಲ್ಲ. ಸೂಜಿ ನಡುಗಿ ನಿಂತಿತು, ನೇರವಾಗಿ. ಆ ದಿಕ್ಕಿನಲ್ಲಿ ಎಳೆದ ಗೆರೆ ಶೆಡ್ಡಿನ ಹಳೇ ಅಡಿಪಾಯದ ಆಚೆಗೆ ಹೋಯಿತು. ಅಲ್ಲಿ ದಿಮ್ಮಿ ಉರುಳಿಸಿ ಅಗೆಸಿದಾಗ ಹೂತಿದ್ದ ಗಡಿಕಲ್ಲೂ ಸಿಕ್ಕಿತು. ಬೀದಿಯವರು ಹೋ ಎಂದರು. ಜಾಗ ನಮ್ಮದಾಯಿತು. ಆದರೆ ನನ್ನ ಕಣ್ಣೆಲ್ಲ ಅವನ ಮುಖದ ಮೇಲಿತ್ತು.

“ಈಗ ಹೇಳ್ರಿ” ಎಂದರು ಅಧಿಕಾರಿ. “ಅವತ್ತು ಯಾಕೆ ಓರೆಯಾಯ್ತು?”

“ಹತ್ತಿರ ಕಬ್ಬಿಣ ಏನಾದ್ರೂ ಇದ್ದಿದ್ರೆ ಸಾರ್...” ಎಂದ ಅವನು. “ನನಗೆ ಸರಿಯಾಗಿ ನೆನಪಿಲ್ಲ.”

“ಎಲ್ಲಿದೆ ಕಬ್ಬಿಣ? ನೋಡಿದವರು ಯಾರಾದ್ರೂ ಇದ್ದಾರಾ? ಸುಮ್ನೆ ಕಥೆ ಕಟ್ಬೇಡಿ. ಎಷ್ಟು ತಗೊಂಡ್ರಿ ಅದನ್ನ ಹೇಳಿ.”

ಅವನು ಸುತ್ತ ನೋಡಿದ. ನನ್ನನ್ನೂ ನೋಡಿದ. ನಾನು ನೆಲ ನೋಡಿದೆ. ಎಷ್ಟೋ ವರ್ಷದಿಂದ ಉರಿಯುತ್ತಿದ್ದ ಹೊಟ್ಟೆ ಆಗ ತಣ್ಣಗಾಯಿತು. ಅಷ್ಟು ಸುಖವಾದ ಗಳಿಗೆ ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ, ಮದುವೆಯ ದಿನವೂ ಬರಲಿಲ್ಲ.

“ಇತ್ತು ಸ್ವಾಮಿ.”

ಅಪ್ಪನ ದನಿ. ಜನರನ್ನು ಸರಿಸಿಕೊಂಡು ಮುಂದೆ ಬಂದರು.

“ಕಬ್ಬಿಣ ಇತ್ತು. ಇಟ್ಟವನು ನಾನೇ. ಗಾಳಿ ಇತ್ತು ಅಂತ ಕಾಲಿಗೆ ಸ್ಪ್ರಿಂಗ್ ಪ್ಲೇಟ್ ಕೊಟ್ಟೆ. ಲೋಟ ಇಡೋಕೆ ಗೇರ್‌ಬಾಕ್ಸ್ ತಂದಿಟ್ಟೆ. ಅದು ಸೂಜಿಗೆ ಆಗಲ್ಲ ಅಂತ ನನಗೆ ಈಗ್ಲೇ ಗೊತ್ತಾಗಿದ್ದು. ಇವರು ದುಡ್ಡು ಗಿಡ್ಡು ಏನೂ ತಿಂದಿಲ್ಲ.”

ಆಮೇಲೆ ಸರ್ವೇಯರನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

“ನನ್ನಿಂದ ತಪ್ಪಾಯ್ತು ಸ್ವಾಮಿ.”

ಆ ಮಾತನ್ನು ಆ ಅಂಗಳದಲ್ಲಿ, ಆ ಬೀದಿಯ ಎದುರಿಗೆ ಕೇಳಬೇಕೆಂದೇ ನಾನು ಅಷ್ಟು ವರ್ಷ ಬೆನ್ನು ಬಗ್ಗಿಸಿ ಗೆರೆ ತೆಗೆದಿದ್ದೆ. ಕೇಳಿದೆ. ಆದರೆ ಹೇಳಿದವರು ಅಪ್ಪ.

ಅವನು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. “ಏನ್ ಮೇಸ್ತ್ರಿ, ಇದನ್ನ ಅವತ್ತೇ ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತಾ ಮಾರಾಯ” ಎಂದು ಅಪ್ಪನ ಭುಜ ತಟ್ಟಿದ. ಅಧಿಕಾರಿ ತಲೆಯಾಡಿಸಿ, ಆಕಸ್ಮಿಕ ದೋಷ ಎಂದು ಬರೆದುಕೊಂಡು, ಹಾಳೆ ತಿದ್ದಲು ಹೇಳಿ, ಕಾರು ಹತ್ತಿದರು. ನನಗೆ ಆ ಹಲಗೆಯನ್ನು ಎತ್ತಿ ಹಳ್ಳಕ್ಕೆ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. ಹಲಗೆ ಸರಕಾರದ್ದು.

ರೈಲಿನಲ್ಲಿ ಕೂತ ಮೇಲೆ ಸಿಟ್ಟು ತಡೆಯಲಾಗಲಿಲ್ಲ.

“ನಿಮ್ಮನ್ನ ಯಾರು ಕೇಳಿದ್ರು ಅಪ್ಪ? ಜಾಗ ಅಷ್ಟರಲ್ಲೇ ನಮಗೆ ಬಂದಿತ್ತು. ಅವನ ಕೆಲಸಾನೂ ಹೋಗ್ತಿತ್ತು. ಇನ್ನೊಂದು ಗಳಿಗೆ ನೀವು ಸುಮ್ನಿದ್ದಿದ್ರೆ!”

“ಸುಮ್ನಿರ್ತಿದ್ದೆ ಮಗಾ” ಎಂದರು. “ಅವನು ಕಬ್ಬಿಣ ಅಂದಾಗ ನಂಗೆ ನೆನಪಾಯ್ತು. ನಿಂಗೂ ನೆನಪಿರ್ಬೇಕು, ಕಿಟಕೀಲಿ ನಿಂತಿದ್ದೆಯಲ್ಲ, ಹೇಳ್ತೀಯ ಅಂತ ನಿನ್ನ ಮುಖ ನೋಡಿದೆ. ನೀನು ನೆಲ ನೋಡ್ತಾ ನಗ್ತಿದ್ದೆ.”

ಶಿವಮೊಗ್ಗ ಬರುವವರೆಗೆ ಅಪ್ಪ ನನ್ನ ಕಡೆ ನೋಡಲಿಲ್ಲ.

ಅಪ್ಪ ಮತ್ತೆ ಭದ್ರಾವತಿಗೆ ಹೋಗಿ ಶೆಡ್ಡು ಎಬ್ಬಿಸಿದರು. ಸರ್ವೇಯರ್ ಹಾರ ಹಾಕಿಸಿಕೊಂಡು ಪೆನ್ಷನ್ ಪಡೆದು ಮನೆಗೆ ಹೋದ. ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅಪ್ಪ ಸಾಯುವವರೆಗೂ ನನ್ನೊಡನೆ ಚೆನ್ನಾಗಿಯೇ ಇದ್ದರು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು. ಆದರೆ ಆ ರೈಲಿನ ದಿನದಿಂದ ಆಚೆಗೆ, ಯಾರ ಮೇಲಾದರೂ ತಮಗೆ ಬೇಸರವಾದರೆ, ಆ ಸಂಗತಿಯನ್ನು ನನ್ನ ಮುಂದೆ ಮಾತ್ರ ಒಮ್ಮೆಯೂ ಆಡಲಿಲ್ಲ.